ನೀರಿಳಿದ ಜಾಗದ ಹುಲ್ಲು

ಆ ಪ್ರವಾಸದ ಫೋಟೋಗಳು ನನ್ನ ಮೊಬೈಲಿನಲ್ಲಿ ಹೊತ್ತಿನ ಕ್ರಮದಲ್ಲಿ ಸಾಲಾಗಿ ನಿಂತಿವೆ. ವಿಮಾನದ ರೆಕ್ಕೆ, ಬಂದರು, ಎಳನೀರು ಹಿಡಿದ ಅತ್ತಿಗೆ, ಕಡಲಂಚಿನಲ್ಲಿ ಕಮಾನಿನಂತೆ ಬಾಗಿದ ಬಂಡೆ, ತಟ್ಟೆಯಲ್ಲಿ ಮೀನು. ಆಮೇಲೆ ಒಂದು ಮಧ್ಯಾಹ್ನವಿಡೀ ಏನೂ ಇಲ್ಲ. ನಾನು ಬರೆಯಬೇಕಾಗಿರುವುದು ಆ ಮಧ್ಯಾಹ್ನದ ಬಗ್ಗೆ. ಅದಕ್ಕಿರುವ ಸಾಕ್ಷಿ ಮೂವರ ನೆನಪು ಮಾತ್ರ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಿ ನಯ ಮಾಡುವುದು ನನಗೆ ಗೊತ್ತು, ಅಷ್ಟು ವರ್ಷ ಬರೆದಿದ್ದೇನೆ. ಈ ಸಲ ಬೇಡ ಅನ್ನಿಸಿದೆ.

ನಾವು ಹೋದದ್ದು ಅಂಡಮಾನಿಗೆ. ನಾವು ಎಂದರೆ ನಾನು, ನನ್ನ ಅಣ್ಣ, ಅತ್ತಿಗೆ. ತಂಗಿ ನಾನು, ದುರ್ಗದಲ್ಲಿ ಕಾಲೇಜಿನ ಹುಡುಗರಿಗೆ ಪಾಠ ಮಾಡುತ್ತೇನೆ. ಅಣ್ಣ ಜವನಗೊಂಡನಹಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ ಕುರಿ ಮೇಯಿಸುತ್ತಾನೆ. ಅಪ್ಪನ ಮಂದೆ ಅವನ ಕೈಗೆ ಬಂದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಹೊರಟರೆ ಹಿರೇಗುಂಟನೂರು, ಭರಮಸಾಗರ, ಅಲ್ಲಿಂದ ದಾವಣಗೆರೆಯ ಗದ್ದೆ ಬಯಲು. ಕಂಡವರ ಹೊಲದಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸುವುದು, ಕುರಿಯ ಗೊಬ್ಬರ ಹೊಲಕ್ಕೆ, ಹೊಲದವರ ಕಾಳು ನಮಗೆ. ಮುಂಗಾರು ಹತ್ತಿರ ಬಂದಾಗ ವಾಪಸು. ಅತ್ತಿಗೆ ಮನೆಯಲ್ಲಿ ಒಬ್ಬಳೇ. ‘ನಿಮ್ಮಣ್ಣ ತಾಳಿ ಕಟ್ಟಿದ್ದು ನನಗೆ, ಸಂಸಾರ ಮಾಡಿದ್ದು ಕುರಿ ಜತೆ’ ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಮೊದಮೊದಲು ಅದು ತಮಾಷೆಯೇ ಆಗಿತ್ತು.

ಹಿಂದಿನ ಬೇಸಿಗೆಯಲ್ಲಿ ಅಣ್ಣನಿಗೆ ಎದೆನೋವು ಬಂದು, ದಾವಣಗೆರೆಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಬಿಸಿಲಲ್ಲಿ ಮಂದೆಯ ಹಿಂದೆ ಅಲೆಯುವುದು ಇನ್ನು ಸಾಕು ಎಂದರು ಡಾಕ್ಟರು. ಅಣ್ಣ ತಲೆಯಾಡಿಸಿದ. ಮನೆಗೆ ಬಂದು ಸ್ವಲ್ಪ ದಿನ ಕೂತ. ಆಮೇಲೆ ಒಂದು ಬೆಳಿಗ್ಗೆ ಎದ್ದು ಕುರಿ ರೊಪ್ಪದ ಬಾಗಿಲು ತೆಗೆದ. ಅತ್ತಿಗೆ ನನಗೆ ಫೋನು ಮಾಡಿ ಅತ್ತಳು.

ಮಂದೆಯನ್ನು ಒಟ್ಟಿಗೆ ಕೊಳ್ಳಲು ದುರ್ಗದ ಕುರಿ ವ್ಯಾಪಾರಿಯೊಬ್ಬರು ಒಪ್ಪಿದ್ದರು. ಅವರ ತಂದೆಗೂ ನಮ್ಮ ಅಪ್ಪನಿಗೂ ವ್ಯವಹಾರವಿತ್ತು. ಅಣ್ಣ ಅವರನ್ನು ಭಾಯಿ ಎನ್ನುತ್ತಾನೆ, ಅವರು ಅಣ್ಣನನ್ನು ಗೌಡ್ರೇ ಎನ್ನುತ್ತಾರೆ. ಕೊಡುವುದೋ ಬಿಡುವುದೋ ಎಂಬುದನ್ನು ಅಣ್ಣ ಹೇಳಬೇಕಿತ್ತು. ಅವನು ಹೇಳುತ್ತಿರಲಿಲ್ಲ. ಅತ್ತಿಗೆ ಒಂದು ಉಪಾಯ ಮಾಡಿದಳು. ಅವನನ್ನು ಒಂದು ವಾರ ಕುರಿಯ ಸದ್ದು ಕೇಳದ ಜಾಗಕ್ಕೆ ಕರೆದುಕೊಂಡು ಹೋಗುವುದು. ಬದುಕಲಾಗುತ್ತದೆ ಎಂದು ಅವನಿಗೇ ಗೊತ್ತಾಗಲಿ.

‘ಎಲ್ಲಿಗೆ?’ ಎಂದೆ.

‘ಸುತ್ತ ನೀರಿರೋ ಕಡೆಗೆ. ಎದ್ದು ನಡಕಂಡು ವಾಪಸ್ ಬರಾಕೆ ಆಗಬಾರದು’ ಎಂದಳು.

ದ್ವೀಪ ಎಂಬ ಮಾತನ್ನು ಅವಳು ಬಳಸಿದಳೋ ಇಲ್ಲವೋ ನೆನಪಿಲ್ಲ. ಬಹುಶಃ ನಾನೇ ಬಳಸಿರಬೇಕು.

ಮಂದೆಯನ್ನು ಅತ್ತಿಗೆಯ ತಮ್ಮನಿಗೆ ಒಪ್ಪಿಸಿ ಹೊರಟೆವು. ಅಣ್ಣ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದ. ‘ಅಲ್ಲಿ ಈಗಲೂ ಸೆಕೆ ಅಂತೆ, ಯಾತಕ್ಕೆ ಅದು?’ ಎಂದು ಅತ್ತಿಗೆ ಬಸ್ಸಿನಲ್ಲೇ ಶುರು ಮಾಡಿದಳು. ‘ನಿನಗ್ಯಾಕೆ ಅದು, ನೀನು ಹೊರತೀಯಾ?’ ಎಂದ ಅಣ್ಣ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದನ್ನು ಬಿಡಿಸಿ, ಕೊಡವಿ, ಮೂಸಿ ನೋಡಿದರು. ತಪಾಸಣೆ ಮಾಡುತ್ತಿದ್ದವನು ಹಿಂದಿಯಲ್ಲಿ ಏನೋ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಉತ್ತರ ಕೊಟ್ಟುಬಿಟ್ಟ. ವ್ಯಾಪಾರಿಗಳ ಜತೆ ಸಂತೆಯಲ್ಲಿ ಕುಳಿತು ಕಲಿತ ಉರ್ದು ಅವನದು. ನನ್ನ ಹಿಂದಿಗಿಂತ ಅದು ಎಷ್ಟೋ ಚೆನ್ನಾಗಿ ಓಡುತ್ತದೆ ಎಂಬುದು ಪ್ರವಾಸದುದ್ದಕ್ಕೂ ಗೊತ್ತಾಗುತ್ತ ಹೋಯಿತು.

ಪೋರ್ಟ್‌ಬ್ಲೇರಿನಲ್ಲಿ ಎಲ್ಲರೂ ನೋಡುವುದನ್ನು ನೋಡಿದೆವು. ಹಳೆಯ ಜೈಲಿನ ಕೋಣೆಯೊಂದರೊಳಗೆ ಹೋಗಿ ನಿಂತು ಅಣ್ಣ ಮೇಲಿನ ಕಿಂಡಿ ನೋಡಿದ. ‘ರೊಪ್ಪಕ್ಕೂ ಇದಕ್ಕಿಂತ ಗಾಳಿ ಬಿಡ್ತೀವಿ’ ಎಂದ. ಹತ್ತಿರ ನಿಂತಿದ್ದ ಪ್ರವಾಸಿಗಳಿಗೆ ಕನ್ನಡ ಬಾರದಿದ್ದುದು ಒಳ್ಳೆಯದೇ ಆಯಿತು. ಅಲ್ಲಿಂದ ಹಡಗಿನಲ್ಲಿ, ಹೆಸರು ಬದಲಾದರೂ ನೀಲ್ ಎಂದು ಎಲ್ಲರೂ ಈಗಲೂ ಕರೆಯುವ ಸಣ್ಣ ದ್ವೀಪಕ್ಕೆ. ಅತ್ತಿಗೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕಂಬಿ ಹಿಡಿದಿದ್ದಳು. ಅಣ್ಣ ನೀರಿನ ಬಣ್ಣ ನೋಡುತ್ತಿದ್ದ. ಹಸಿರು ಎಂದ. ನನಗೆ ನೀಲಿ ಕಂಡಿತ್ತು. ಫೋಟೋದಲ್ಲಿ ಈಗ ನೋಡಿದರೆ ಎರಡೂ ಅಲ್ಲದ ಒಂದು ಬೂದು ಇದೆ.

‘ಇಷ್ಟು ನೀರೈತೆ, ಒಂದು ಕುರಿಗೆ ಕುಡಸಂಗಿಲ್ಲ’ ಎಂದ.

‘ಬಂತು ನೋಡು ಕುರಿ’ ಎಂದಳು ಅತ್ತಿಗೆ, ಕಣ್ಣು ಬಿಡದೆ.

ನಾವು ಇಳಿದುಕೊಂಡದ್ದು ಬಂಗಾಳಿ ದಂಪತಿಯ ಮನೆಯಲ್ಲಿ. ಅವರ ಅಜ್ಜನ ಕಾಲಕ್ಕೆ ಬಂಗಾಳದಿಂದ ಬಂದು ಕಾಡು ಕಡಿದು ನೆಲೆ ನಿಂತವರಂತೆ. ಹಿಂದುಗಡೆ ಅಡಿಕೆ ಮರ, ಬಾಳೆ, ತರಕಾರಿ ಮಡಿ, ಕಟ್ಟಿಹಾಕಿದ ಎರಡು ಮೇಕೆ. ಮುಂದೆ ತೆಂಗಿನ ಸಾಲು ದಾಟಿದರೆ ಕಡಲು. ಮನೆಯಾಕೆ ಮಧ್ಯಾಹ್ನಕ್ಕೆ ಸಾಸಿವೆ ಅರೆದು ಹಾಕಿದ ಮೀನಿನ ಸಾರು, ಅನ್ನ, ತೆಳ್ಳಗೆ ತೊವ್ವೆ, ಹಸಿ ಪರಂಗಿಕಾಯಿಯ ಪಲ್ಯ, ಉದ್ದಕ್ಕೆ ಸೀಳಿ ಎಣ್ಣೆಯಲ್ಲಿ ಹುರಿದ ಬದನೆಕಾಯಿ ಬಡಿಸಿದಳು. ಸಾಸಿವೆಯ ಘಾಟು ಅತ್ತಿಗೆಯ ಮೂಗಿಗೇರಿತು. ಕಣ್ಣಲ್ಲಿ ನೀರು ಬಂದರೂ ಎರಡನೆಯ ಸಲ ಹಾಕಿಸಿಕೊಂಡಳು. ಅಣ್ಣ ಅನ್ನ ಮುಗಿಸಿ, ಊಟ ಇನ್ನೂ ಬರಬೇಕಾಗಿದೆ ಎಂಬಂತೆ ಕೂತಿದ್ದ.

ಮಾರನೆಯ ದಿನ ಅತ್ತಿಗೆ ಚೀಲದಿಂದ ರಾಗಿ ಹಿಟ್ಟು ತೆಗೆದು ಅವರ ಅಡುಗೆಮನೆಗೆ ಹೋದಳು. ಮುದ್ದೆ ತಿರುವಲು ಕೋಲಿರಲಿಲ್ಲ. ಒಲೆಯ ಬದಿಯಲ್ಲಿದ್ದ ಬಿದಿರ ತುಂಡು ತೊಳೆದು ತಿರುವಿದಳು. ಆ ಮೀನಿನ ಸಾರಿನ ಜತೆ ಮುದ್ದೆ ಚೆನ್ನಾಗಿಯೇ ಹೋಯಿತು. ಮನೆಯಾಕೆಗೂ ಒಂದು ಸಣ್ಣ ಮುದ್ದೆ ಕೊಟ್ಟೆವು. ಅವಳು ಅಗಿಯತೊಡಗಿದಳು. ಅತ್ತಿಗೆ ಗಾಬರಿಯಾಗಿ ‘ಅಗಿಬ್ಯಾಡಮ್ಮ, ನುಂಗು, ನುಂಗು’ ಎಂದು ಕನ್ನಡದಲ್ಲೇ ಹೇಳುತ್ತ ತಾನು ಒಂದು ತುತ್ತು ನುಂಗಿ ಗಂಟಲು ತೋರಿಸಿದಳು. ಇಬ್ಬರೂ ನಕ್ಕು ನಕ್ಕು ಗೋಡೆಗೆ ಒರಗಿದರು. ಅತ್ತಿಗೆ ಹಾಗೆ ನಕ್ಕದ್ದನ್ನು ನಾನು ಯಾವಾಗ ನೋಡಿದ್ದೆ ಎಂದು ಯೋಚಿಸಿದೆ. ನೆನಪಾಗಲಿಲ್ಲ. ನೆನಪಾಗಲಿಲ್ಲ ಎಂದರೆ ಅವಳು ನಕ್ಕಿರಲಿಲ್ಲ ಎಂದೇನೂ ಅಲ್ಲ.

ಆ ದಿನವೇ ಬೆಳಿಗ್ಗೆ ನಾವು ಬಂಡೆಯ ಕಮಾನು ನೋಡಲು ಹೋಗಿದ್ದೆವು. ಕಡಲು ಇಳಿದಿತ್ತು. ಹಿಂದಿನ ಸಂಜೆ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಕಲ್ಲು, ಹವಳದ ಮುರುಕು, ಸಣ್ಣ ಸಣ್ಣ ಗುಂಡಿಗಳಲ್ಲಿ ಉಳಿದ ನೀರು. ದಾರಿ ತೋರಿಸುವವನು ಗುಂಡಿಗಳಿಗೆ ಕೈ ಹಾಕಿ ಹಾಗಲಕಾಯಿಯಂಥ ಮೆತ್ತನೆಯ ಜೀವಿಯೊಂದನ್ನು ಎತ್ತಿ ಎಲ್ಲರ ಅಂಗೈಗೂ ಇಡುತ್ತಿದ್ದ. ಅಣ್ಣನ ಗಮನ ಅಲ್ಲಿರಲಿಲ್ಲ. ಅವನು ದೂರಕ್ಕೆ, ನೀರಿನ ಅಂಚಿಗೆ ನೋಡುತ್ತಿದ್ದ. ಅಲ್ಲಿ ಹುಲ್ಲಿತ್ತು. ಗದ್ದೆಯ ಪೈರನ್ನು ಮಲಗಿಸಿದಂತೆ, ಒಂದೇ ದಿಕ್ಕಿಗೆ ಬಾಗಿದ ಹಸಿರು ಹುಲ್ಲು, ಕಡಲಿನ ತಳದಲ್ಲಿ.

‘ಕಡಲೊಳಗೆ ಹುಲ್ಲು ಬೆಳೀತದಾ?’

ಬೆಳೆಯುತ್ತದೆ ಎಂದೆ. ಭರತ, ಇಳಿತ, ಚಂದ್ರ ಎಂದೆಲ್ಲ ಹೇಳಿದೆ. ನೀರು ದಿನಕ್ಕೆ ಎರಡು ಸಲ ಹೋಗಿ ಬರುತ್ತದೆ ಎಂದೂ ಹೇಳಿದೆ. ಇದು ಖಚಿತ, ಏಕೆಂದರೆ ಅವನು ‘ಇದೇನು ಊರಾಗಿನ ಬಸ್ಸೇನವ್ವ, ಎರಡು ಸಲ ಹೋಗಿ ಬರಾಕೆ’ ಎಂದದ್ದು ಅತ್ತಿಗೆಗೂ ನೆನಪಿದೆ. ಅಂದರೆ ಅವನಿಗೆ ವಿಷಯ ತಿಳಿದಿತ್ತು. ಅವನ ಕಾಲಿಗೆ ತಿಳಿದಿರಲಿಲ್ಲ.

ನಮ್ಮ ಕಡೆಯ ಕೆರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆರೆಯ ನೀರು ಹಿಂದೆ ಸರಿದರೆ ಅಂಗಳದಲ್ಲಿ ಹಸಿ ಹುಲ್ಲು ಮೇಲೇಳುತ್ತದೆ. ಊರ ಸುತ್ತ ಎಲ್ಲ ಒಣಗಿದಾಗಲೂ ಅಲ್ಲಿ ಮೇವಿರುತ್ತದೆ. ಕುರಿಯವರು ಮಂದೆಯನ್ನು ಕೆರೆಯೊಳಗೆ ಇಳಿಸುತ್ತಾರೆ. ಬಿಸಿಲು ನೆತ್ತಿಗೆ ಬಂದಾಗ ಕುರಿಗಳು ತಲೆ ತಗ್ಗಿಸಿ ಒತ್ತೊತ್ತಾಗಿ ನಿಲ್ಲುತ್ತವೆ. ಆಗ ಕುರಿಯವನು ಸ್ವಲ್ಪ ಎತ್ತರದ ದಿಬ್ಬ ನೋಡಿ ಕಂಬಳಿ ಹಾಸಿ ಅಡ್ಡಾಗುತ್ತಾನೆ. ಕಣ್ಣು ಮುಚ್ಚಿರುತ್ತದೆ, ಕಿವಿ ಮುಚ್ಚಿರುವುದಿಲ್ಲ. ಒಂದು ಕುರಿ ಗುಂಪು ಬಿಟ್ಟು ಹೆಜ್ಜೆ ಹಾಕಿದರೂ ಎದ್ದು ಕೂರುತ್ತಾನೆ. ಅದನ್ನು ನಿದ್ದೆ ಎಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಮತ್ತೆ, ಹಿಂದೆ ಸರಿದ ನೀರು ಅಂದೇ ತಿರುಗಿ ಬರುವ ಕೆರೆಯನ್ನು ಯಾರೂ ಕಂಡಿಲ್ಲ.

ಅದರ ಮರುದಿನ ಅಣ್ಣ ತಿಂಡಿ ತಿಂದು ಕಂಬಳಿ ಹೆಗಲಿಗೆ ಹಾಕಿ ಹೊರಗೆ ಹೋದ. ಹಿತ್ತಲಲ್ಲಿ ಮೇಕೆ ನೋಡುತ್ತಿದ್ದಾನೆ ಎಂದುಕೊಂಡೆವು. ನಾನು ಜಗಲಿಯಲ್ಲಿ ಏನೋ ಓದುತ್ತಿದ್ದೆ. ಅತ್ತಿಗೆ ಮನೆಯಾಕೆಯ ಜತೆ ಕಾಯಿ ತುರಿಯುತ್ತಿದ್ದಳು. ಬೆಲ್ಲ ಹಾಕಿ ಉಂಡೆ ಕಟ್ಟುವುದನ್ನು ಆಕೆ ಕಲಿಸಿಕೊಡುವ ಮಾತಾಗಿತ್ತು. ಊಟದ ಹೊತ್ತಾಯಿತು. ಹಿತ್ತಲಲ್ಲಿ ಮೇಕೆಗಳು ಮಾತ್ರ ಇದ್ದವು.

ಮನೆಯ ಯಜಮಾನ ತೋಟದಿಂದ ಬಂದವನು ‘ನಿಮ್ಮವರು ಎಲ್ಲಿ’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಡಲಿನ ಕಡೆ ನಡೆದ. ಆಮೇಲೆ ಓಡಿದ. ನಾವೂ ಓಡಿದೆವು. ತೆಂಗಿನ ಸಾಲು ದಾಟಿದಾಗ ಕಡಲು ಇಡೀ ತುಂಬಿದಂತೆ ಕಂಡಿತು. ಅದರ ನಡುವೆ, ಬಹಳ ದೂರದಲ್ಲಿ, ಒಂದು ಕರಿಯ ಗೂಟ. ಅದು ನನ್ನ ಅಣ್ಣ ಎಂದು ತಿಳಿಯಲು ಎಷ್ಟು ಹೊತ್ತು ಬೇಕಾಯಿತೋ ಹೇಳಲಾರೆ. ನೀರಿನೊಳಗಿನ ಮರಳ ದಿಬ್ಬದ ಮೇಲೆ ನಿಂತಿದ್ದ. ನೀರು ಅವನ ಸೊಂಟಕ್ಕಿತ್ತು. ಕಂಬಳಿ ತಲೆಯ ಮೇಲಿತ್ತು. ಅವನಿಗೂ ದಡಕ್ಕೂ ನಡುವೆ ಇನ್ನೂ ಆಳವಿತ್ತು. ದಿಬ್ಬದ ಈಚೆಗಿನ ತಗ್ಗು ಮೊದಲೇ ತುಂಬಿಕೊಂಡಿತ್ತು. ಅಣ್ಣನಿಗೆ ಈಜು ಬರುವುದಿಲ್ಲ.

ಯಜಮಾನ ಪಕ್ಕದ ದೋಣಿಯವನ ಜತೆ ಸೇರಿ ಅವನ ಮೋಟಾರು ದೋಣಿ ನೀರಿಗೆ ತಳ್ಳಿದ. ಇಲ್ಲಿಂದ ಮೂರು ಕತೆಗಳು.

ಅತ್ತಿಗೆ ಹೇಳುವುದು ಹೀಗೆ: ಅಣ್ಣ ಕೂಗುತ್ತಿದ್ದ. ನಮ್ಮನ್ನಲ್ಲ. ತುಟಿ ಅದುರಿಸಿ, ಕೊನೆಗೆ ಎಳೆದು, ಚೆದುರಿದ ಮಂದೆಯನ್ನು ಕರೆಯುವ ಕೂಗು. ಅವಳು ಆ ಕೂಗನ್ನು ಯಾವುದರ ಜತೆಗೂ ಬೆರೆಸಿಕೊಳ್ಳಲಾರಳು. ವರ್ಷಗಟ್ಟಲೆ ಅದು ಊರ ಹೊರಗೆ ಕೇಳಿದ ದಿನವೇ ಅವಳು ಎರಡು ಮುದ್ದೆಗೆ ಎಸರಿಟ್ಟವಳು.

ನಾನು ಅವಳ ಪಕ್ಕದಲ್ಲೇ ಇದ್ದೆ. ನನಗೆ ಗಾಳಿ ಮತ್ತು ದೋಣಿಯ ಮೋಟಾರು ಮಾತ್ರ ಕೇಳಿಸಿತು.

ಅಣ್ಣ ಹೇಳುತ್ತಾನೆ: ‘ನಾನ್ಯಾಕೆ ಕೂಗಲಿ? ಸುಮ್ಮನೆ ನಿಂತಿದ್ದೆ.’

ದೋಣಿಯವನನ್ನು ಕೇಳಿದರೆ ತೀರುತ್ತಿತ್ತು. ಕೇಳಬಾರದು ಎಂದು ಆಗಲೇ ನಿರ್ಧರಿಸಿದ್ದೆನೋ, ಕೇಳಲು ಹೊಳೆಯಲೇ ಇಲ್ಲವೋ.

ಅವನನ್ನು ದೋಣಿಗೆ ಎಳೆದುಕೊಂಡರು. ಕಂಬಳಿ ಅಷ್ಟರಲ್ಲಿ ನೆಂದು, ಕುರಿಯಷ್ಟು ಭಾರವಾಗಿತ್ತು. ದೋಣಿಯವನು ಅದನ್ನು ಬಿಡಿ ಎಂದರೂ ಅಣ್ಣ ಬಿಡಲಿಲ್ಲ. ದಡಕ್ಕೆ ಬಂದಾಗ ಅತ್ತಿಗೆ ಅವನ ಎದೆಯ ಮೇಲೆ ಅಂಗೈಯಿಟ್ಟು ನಿಂತಳು. ಆ ಕೈ ಅಲ್ಲಿ ಬಹಳ ಹೊತ್ತು ಇತ್ತು. ‘ಓಡ್ತಾ ಐತೆ ಕಣೇ, ಬಿಡು’ ಎಂದ ಅಣ್ಣ. ದ್ವೀಪದ ಆಸ್ಪತ್ರೆಯಲ್ಲಿ ನೋಡಿ, ಏನೂ ಆಗಿಲ್ಲ, ಮಲಗಿಸಿ ಎಂದರು.

ಅವನು ಮಲಗಲಿಲ್ಲ. ಸಂಜೆ ಜಗಲಿಯಲ್ಲಿ ಕೂತಿದ್ದ. ಮನೆಯಾಕೆ ಬಿಸಿ ಚಹಾ, ಕಾಯಿ ಉಂಡೆ ತಂದಿಟ್ಟಳು. ಕಂಬಳಿ ಎರಡು ತೆಂಗಿನ ಮರಗಳ ನಡುವಿನ ಹಗ್ಗದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನಾನು ಏನಾದರೂ ಕೇಳಬೇಕೆಂದಿದ್ದೆ. ಅವನೇ ಶುರು ಮಾಡಿದ.

‘ಹುಲ್ಲು ಕಿತ್ತು ಬಾಯಿಗೆ ಹಾಕ್ಕೊಂಡೆ. ಉಪ್ಪು. ಕುರಿ ಮೊದಲು ಮೂಸಿ ಬಿಡ್ತಾವೆ, ಆಮೇಲೆ ತಿಂತಾವೆ, ಉಪ್ಪಂದ್ರೆ ಅವಕ್ಕೆ ಆಸೆ. ಹಿಂಗೇ ನೋಡ್ಕಂತ ಹೋದೆ. ದಿಬ್ಬ ಸಿಕ್ತು. ಕಂಬಳಿ ಹಾಸ್ದೆ.’

‘ಮಲಗಿದ್ಯಾ?’

‘ಮಲಗಿದ್ದಲ್ಲ ಕಣವ್ವ, ನಿದ್ದೆ ಹೋದೆ.’

ಆ ಎರಡರ ನಡುವಿನ ಅಂತರ ನನಗೆ ತಕ್ಷಣ ಹೊಳೆಯಲಿಲ್ಲ. ಹೊಸಿಲಲ್ಲಿ ಕೂತಿದ್ದ ಅತ್ತಿಗೆಗೆ ಹೊಳೆಯಿತು. ಅವಳು ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ವಾಪಸು ಇಟ್ಟಳು.

‘ಸೊಂಟ ತಣ್ಣಗಾತು. ಎದ್ದೆ. ಎದ್ದೋನು ಮೊದ್ಲು ನೋಡಿದ್ದು ಕುರಿ ಎಲ್ಲಿ ಅಂತ. ಒಂದೂ ಇಲ್ಲ, ಬರೀ ನೀರು. ಎಲ್ಲಾ ಹೋದ್ವು ಅಂದ್ಕೊಂಡೆ.’ ಚಹಾ ಕುಡಿದ. ‘ಆಮ್ಯಾಲೆ ನೆನಪಾತು, ತಂದೇ ಇಲ್ವಲ್ಲ ಅಂತ. ಊರಾಗೆ ಅವೆ. ಆಗ ನೆಮ್ಮದಿ ಆತು. ನೀರು ಮ್ಯಾಲೆ ಬರ್ತಾ ಐತೆ, ನಂಗೆ ನೆಮ್ಮದಿ.’

‘ಮಾತ್ರೆ ತಗಂಡ್ರೆ ನಿದ್ದೆ ಬರ್ತದೆ ಅಂತ ಡಾಕ್ಟ್ರು ಹೇಳಿದ್ರಲ್ಲ’ ಎಂದಳು ಅತ್ತಿಗೆ. ಅವನ ಪರವಾಗಿ ಮಾತಾಡುತ್ತಿದ್ದಳು, ಅವನ ಮಾತಿಗೇ ವಿರುದ್ಧವಾಗಿ.

‘ಯಾವುದಾದ್ರಿಂದ ಬರ್ಲಿ. ಮಂದೆ ಇದ್ದಿದ್ರೆ ಹೋಗ್ತಿದ್ವು.’

‘ಕೆರೆಯಾಗೆ ಹಿಂಗೆ ನೀರು ಬರಲ್ಲ, ಅಣ್ಣ’ ಎಂದೆ.

‘ಲಾರಿ ಬರ್ತದೆ. ತೋಳ ಬರ್ತದೆ. ಕಳ್ರು ಬರ್ತಾರೆ’ ಎಂದ. ಲೋಟ ಕೆಳಗಿಟ್ಟು, ‘ನಿದ್ದೆ ಬಂದ ಮ್ಯಾಲೆ ಎಲ್ಲಾ ಒಂದೇ’ ಎಂದ.

ಇಲ್ಲಿ ನಾನು ಎಚ್ಚರದಿಂದಿರಬೇಕು. ಒಂದು ಮಧ್ಯಾಹ್ನದ ನಿದ್ದೆಯಿಂದ ಒಂದು ಬದುಕು ತಿರುಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅವನು ಆಸ್ಪತ್ರೆಯಿಂದ ಬಂದ ಮೇಲೆ ಮೊದಲಿನಂತೆ ಎಚ್ಚರವಿರಲಾಗುತ್ತಿಲ್ಲ ಎಂಬುದನ್ನು ಮೊದಲೇ ಕಂಡುಕೊಂಡಿದ್ದಿರಬಹುದು. ಹೊಲದಲ್ಲಿ, ರಾತ್ರಿ ಮಂದೆಯ ಪಕ್ಕದಲ್ಲಿ, ಯಾರೂ ನೋಡದಿದ್ದಾಗ. ಕಡಲು ಅದನ್ನು ನಮ್ಮೆದುರು ಮಾಡಿ ತೋರಿಸಿತು, ಅಷ್ಟೇ ಇರಬಹುದು. ಅಥವಾ ಅದೂ ಅಲ್ಲ. ಅವನನ್ನು ನಾನು ಕೇಳಿಲ್ಲ. ಕೇಳಿದರೂ ಅವನು ಹೇಳುವುದು ಆ ದಿನದ ಉತ್ತರವಾಗಿರುತ್ತದೆಯೇ?

ಮಾರನೆಯ ಬೆಳಿಗ್ಗೆ ಹಡಗು ಕಾಯಲು ಜೆಟ್ಟಿಗೆ ಬಂದೆವು. ದ್ವೀಪದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೇ. ಕಟ್ಟೆಯ ಕೆಳಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನಿನ ಹಿಂಡು ತಿರುಗುವಾಗ ಅದರ ನೆರಳು ಮರಳಿನ ಮೇಲೆ ತಿರುಗುವುದು ಕಾಣುತ್ತಿತ್ತು. ಪ್ರವಾಸಿಗಳು ಬಗ್ಗಿ ಬಗ್ಗಿ ಫೋಟೋ ತೆಗೆಯುತ್ತಿದ್ದರು. ಅಣ್ಣ ನನ್ನ ಫೋನು ಕೇಳಿ ತೆಗೆದುಕೊಂಡ. ಅವನಿಗೆ ಆ ಕಡೆಯ ಮಾತು ಕೇಳಲೆಂದು ಸ್ಪೀಕರ್ ಹಾಕಿಕೊಟ್ಟೆ.

‘ಭಾಯಿ, ನಾನು. ಹ್ಞೂ, ಇಲ್ಲೇ ಕಡಲ ಹತ್ರ. ಬರ್ರಿ ಊರಿಗೆ, ನಾವು ಬಂದ ಮ್ಯಾಲೆ. ಹ್ಞೂ, ಎಲ್ಲಾ.’

‘ಎಲ್ಲಾನಾ ಗೌಡ್ರೇ?’ ಎಂದರು ಆ ಕಡೆಯಿಂದ. ‘ಒಂದೈದಾರು ಇಟ್ಕಳ್ರಿ. ಮನೆ ಮುಂದೆ ಕಟ್ಕಳಾಕೆ.’

‘ಕಟ್ಟಿದ ಕುರಿ ನಾನು ಸಾಕಲ್ಲ ಭಾಯಿ. ಟಗರು ಸಮೇತ ಎಲ್ಲಾ ಹೊಡ್ಕೊಂಡು ಹೋಗ್ರಿ.’

‘ಯೋಚ್ನೆ ಮಾಡ್ರಿ. ನನಗೇನು ಅವಸರ ಇಲ್ಲ. ತಬಿಯತ್ ನೋಡ್ಕಳ್ರಿ ಮೊದ್ಲು’ ಎಂದರು.

‘ಮಾಡೈತೆ ಯೋಚ್ನೆ’ ಎಂದು ಅಣ್ಣ ಫೋನು ನನ್ನ ಕೈಗಿಟ್ಟು, ಕಟ್ಟೆಯ ಆ ತುದಿಗೆ ನಡೆದು ನಿಂತ.

ಅತ್ತಿಗೆ ಬಯಸಿದ್ದು ಕೈಗೆ ಬಂದಿತ್ತು. ನಾನು ಅವಳ ಮುಖ ನೋಡಿದೆ. ಸಂತೋಷವನ್ನು ಹುಡುಕುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

‘ಹಿಂಗಲ್ಲ ನಾನು ಕೇಳಿದ್ದು’ ಎಂದಳು.

‘ಮತ್ತೆ ಹೆಂಗೆ?’

‘ಸಾಕಾತು ಅಂತ ಬಿಡ್ಲಿ ಅಂತ ಕೇಳ್ದೆ. ಮನೇಗ್ ಬಂದು ಕುಂತ್ಕಾಬೇಕು ಅಂತ ಆಸೆಯಾಗಿ ಬಿಡ್ಲಿ ಅಂತ. ಕೈಲಾಗಲ್ಲ ಅಂತ ಬಿಡೋನು ಮನೇಗೆ ಬಂದ್ರೂ ಬಂದಂಗಾ?’

ಅವಳು ಅಷ್ಟಂದು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ತುದಿಗೆ ಹೋಗಿ ಅವನ ಪಕ್ಕದಲ್ಲಿ ನಿಂತಳು. ಮಾತಾಡಿದರೋ ಇಲ್ಲವೋ ನನಗೆ ಕೇಳಿಸಲಿಲ್ಲ. ಹಡಗು ಬರುತ್ತಿತ್ತು, ಜನ ಚೀಲಗಳನ್ನು ಎತ್ತಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ಕೆಳಗೆ ನೀರಿನಲ್ಲಿ ತಿರುಗುವ ಹಿಂಡಿನತ್ತ ಬೆರಳು ತೋರಿಸಿದಳು. ಅವನು ಬಗ್ಗಿ ನೋಡಿದ. ಅವಳು ಇನ್ನೊಂದು ಕಡೆ ತೋರಿಸಿದಳು, ಅವನು ಅಲ್ಲಿಯೂ ನೋಡಿದ. ಹಡಗು ಹತ್ತಲು ನಾನು ಎರಡು ಸಲ ಕರೆಯಬೇಕಾಯಿತು.